ಹಂದಿಯ ಎದುರಿಗೆ ಮೂರು ನಾಯಿ

ತೊಂಬತ್ತೆಂಟರ ನವೆಂಬರ್. ಆ ಬೆಳಿಗ್ಗೆ ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ಕವಿದ ಮಂಜಿಗೆ ಎದುರಿನ ಗೋದಾಮೇ ಕಾಣುತ್ತಿರಲಿಲ್ಲ. ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯ ದೀಪ ಹೊತ್ತಿಸಿ, ಗಣಪಯ್ಯ ಎಂದಿನಂತೆ ಕೆಲಸದ ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗಿರಾಕಿ ಮಿಸೆಸ್ ಟಿಲ್ಲಿ ಕಟ್ಟು ಹಾಕಲು ಕೊಟ್ಟಿದ್ದ ಚಿತ್ರ ಸಿದ್ಧವಾಗಿತ್ತು. ಮಧ್ಯಾಹ್ನ ಚರ್ಚಿನಲ್ಲಿ ಅವರ ಗಂಡನ ನೆನಪಿನ ಪ್ರಾರ್ಥನೆ. ಚಿತ್ರವನ್ನು ಅಲ್ಲಿ ಇಡಬೇಕಿತ್ತು.

ಹಳೆಯ ಜರ್ಮನ್ ರೇಖಾಚಿತ್ರ ಅದು. ಮರಕ್ಕೆ ಬೆನ್ನು ಕೊಟ್ಟು ನಿಂತ ಕಾಡುಹಂದಿ. ಎಡಕ್ಕೆ ಮೇಲೆರಗುವ ಮೂರು ನಾಯಿಗಳು, ಅವುಗಳ ಹಿಂದೆ ಈಟಿ ಎತ್ತಿದ ಬೇಟೆಗಾರ. ಉಡುಪಿ ಕಡೆಯ ಗಣಪಯ್ಯನವರದು ಪಂಜುರ್ಲಿಯನ್ನು ನಂಬಿದ ಮನೆತನ. ಹಂದಿಯ ರೂಪದ ಆ ದೈವಕ್ಕೆ ದೀಪ ಇಡದೆ ಅವರ ತಾಯಿ ಊಟ ಮಾಡಿದವರಲ್ಲ. ಅಂಥದರ ಎದೆಗೆ ಈಟಿ ಗುರಿಯಿಟ್ಟ ಚಿತ್ರಕ್ಕೆ ಗಾಜು ಕೂರಿಸಲು ಅವರಿಗೆ ಕೈ ಬರಲಿಲ್ಲ. ಚಿತ್ರದ ಮೇಲೆ ಕಿಟಕಿಯಂತೆ ಕೊರೆದಿಡುವ ದಪ್ಪ ರಟ್ಟು ಇರುತ್ತದಲ್ಲ, ಅದರ ಕಿಟಕಿಯನ್ನೇ ಚಿಕ್ಕದು ಮಾಡಿಬಿಟ್ಟರು. ನಾಯಿಗಳೂ ಬೇಟೆಗಾರನೂ ರಟ್ಟಿನಡಿಗೆ ಹೋದರು. ಹಂದಿ ಮರದಡಿ ನೆಮ್ಮದಿಯಾಗಿ ನಿಂತಿತು.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಗುಲಾಬಿ ದೋಸೆ ಮಗುಚುತ್ತಲೇ ಕೇಳಿದ್ದಳು: "ಅಲ್ಲ ಮಾರಾಯ್ರೆ, ಹಂದಿಗೆ ಉಪಕಾರ ಮಾಡಿದ್ರಿ, ಸರಿ. ಆ ಹೆಂಗಸಿನ ಹತ್ರ ಒಂದು ಮಾತು ಕೇಳ್ಲಿಕ್ಕೆ ನಿಮಗೆಂತ ಆಗಿತ್ತು?"

ಹತ್ತಕ್ಕೆ ಮಿಸೆಸ್ ಟಿಲ್ಲಿ ಬಂದರು. ಚಿತ್ರ ನೋಡಿ, ನಾಯಿಗಳಿದ್ದ ಕಡೆಯ ರಟ್ಟಿನ ಮೇಲೆ ಬೆರಳಾಡಿಸಿದರು. ಬೈಗುಳಕ್ಕೆ ಗಣಪಯ್ಯ ತಲೆ ತಗ್ಗಿಸಿ ಕಾದರು. ಅವರು ಬೈಯಲಿಲ್ಲ, ಗಂಡನ ಕೊನೆಯ ವರ್ಷದ ಕತೆ ಹೇಳಿದರು. ಕಾಯಿಲೆ ಹಾಸಿಗೆ ಹಿಡಿಸಿದಾಗ ಆತ ಈ ಚಿತ್ರವನ್ನು ಕಣ್ಣೆದುರೇ ಇಟ್ಟುಕೊಂಡಿದ್ದನಂತೆ. ಓಡದೆ ತಿರುಗಿ ನಿಲ್ಲುವ ಪ್ರಾಣಿಯೆಂದು ಹಿಂದಿನ ಚಿತ್ರಗಾರರು ಧೈರ್ಯದ ಗುರುತಾಗಿ ಹಂದಿಯನ್ನೇ ಬರೆಯುತ್ತಿದ್ದರು ಎನ್ನುತ್ತಿದ್ದನಂತೆ. ದಿನಾ ನಾಯಿಗಳನ್ನು ಎಣಿಸಿ, ಇವತ್ತೂ ಮೂರೇ ಇವೆ ಎಂದು ನಗುತ್ತಿದ್ದನಂತೆ.

"ನಾಯಿಗಳೇ ಇಲ್ಲದಿದ್ದರೆ ಅವನು ಎದುರಿಸಿ ನಿಂತದ್ದು ಯಾರಿಗೆ ಗೊತ್ತಾಗುತ್ತದೆ?" ಎಂದರು ಮೆಲ್ಲಗೆ.

ಗಣಪಯ್ಯ ಹಂದಿಯನ್ನು ಮತ್ತೆ ನೋಡಿದರು. ಕಿವಿ ನಿಮಿರಿತ್ತು, ಬೆನ್ನಿನ ಕೂದಲು ಎದ್ದಿತ್ತು. ಇದನ್ನೇ ನೆಮ್ಮದಿ ಅಂದುಕೊಂಡಿದ್ದರು.

"ನಮ್ಮೂರಲ್ಲಿ ಇದಕ್ಕೆ ಕೈ ಮುಗಿಯುತ್ತೇವೆ. ಅದಕ್ಕೇ ಹೀಗೆ ಮಾಡಿದೆ," ಎಂದರು ತಮಗೆ ಬರುವ ಇಂಗ್ಲಿಷಿನಲ್ಲಿ.

ಮಿಸೆಸ್ ಟಿಲ್ಲಿ ಮೊದಲ ಬಾರಿ ನಕ್ಕರು. ನನ್ನ ಗಂಡನಿಗೆ ನಿಮ್ಮ ಪರಿಚಯ ಆಗಬೇಕಿತ್ತು ಎಂದರು.

ಅವರನ್ನು ಹೀಟರ್ ಪಕ್ಕ ಕೂರಿಸಿ ಗಣಪಯ್ಯ ಹೊಸ ರಟ್ಟು ತೆಗೆದರು. ಮನಸ್ಸಿನಲ್ಲೇ ದೈವದ ಅಪ್ಪಣೆ ಕೇಳಿ, ಈ ಸಲ ಕಿಟಕಿಯನ್ನು ಅಗಲವಾಗಿ ಕೊರೆದರು. ಒಂದು ನಾಯಿ ಬಂತು, ಇನ್ನೊಂದು ಬಂತು, ಮೂರನೆಯದೂ ಬಂತು. ಹಿಂದೆ ಈಟಿ. ಗಾಜು ಒರೆಸಿ, ಕಾಗದ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಒಪ್ಪಿಸಿದರು.