ಕೂಗಬಾರದ ಕುಕ್ಕರು

ನಾನು ಒಂದು ಕುಕ್ಕರು. ಐದು ಲೀಟರಿನದು, ಸ್ಟೀಲಿನದು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ನನ್ನಂಥವೇ ನೂರಾರು ಕುಕ್ಕರುಗಳ ಸಾಲಿನಲ್ಲಿ. ಅಲ್ಲಿ ನನ್ನ ಮೈಮೇಲೆ ಯಾರ ಹೆಸರೂ ಇರಲಿಲ್ಲ. ಹೆಸರು ಬಿದ್ದದ್ದು ತಿಪಟೂರಿನ ಪಾತ್ರೆ ಅಂಗಡಿಯಲ್ಲಿ.

ನನ್ನನ್ನು ಕೊಂಡವರು ಗಂಗಮ್ಮ. ಅಣ್ಣನ ಮಗಳು ಶಾಂಭವಿಯ ಮದುವೆಗೆ ಉಡುಗೊರೆ ಹುಡುಕುತ್ತಿದ್ದರು. ಅಂಗಡಿಯವನು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೆಸರು ಕೊರೆಯುವ ಯಂತ್ರ ಹಿಡಿದ.

"ಏನಂತ ಹಾಕ್ಲಮ್ಮ?"

"ಚಿ.ಸೌ. ಶಾಂಭವಿಗೆ, ಸೋದರತ್ತೆ ಗಂಗಮ್ಮನಿಂದ."

"ಚಿ.ಸೌ. ಬೇಕಾ? ಜಾಗ ಸಾಲಲ್ಲ."

"ನನ್ನ ಹೆಸರು ಬೇಕಾದ್ರೆ ಬಿಡು, ಅದನ್ನ ಬಿಡಬೇಡ. ಆಳವಾಗಿ ಕೊರಿಯಪ್ಪ. ಎಷ್ಟು ಉಜ್ಜಿದ್ರೂ ಹೋಗಬಾರ್ದು."

ಅವನು ಆಳವಾಗಿಯೇ ಕೊರೆದ. ಚಿರಂಜೀವಿ ಸೌಭಾಗ್ಯವತಿ ಎಂಬ ಅಷ್ಟುದ್ದದ ಹಾರೈಕೆ ಎರಡಕ್ಷರವಾಗಿ ನನ್ನ ಹೊಟ್ಟೆಯ ಮೇಲೆ ಕುಳಿತಿತು.

ಶಾಂಭವಿ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗಂಡ ನಿರಂಜನ ಜರ್ಮನಿಯ ಯಂತ್ರದ ಕಂಪನಿಯೊಂದರಲ್ಲಿ ಎಂಜಿನಿಯರು. ಮದುವೆಯಾದ ಮೇಲೆ ಅವಳು ಕೆಲಸ ಬಿಟ್ಟು ಅವನ ಜೊತೆ ಹೊರಟಳು. ನನ್ನ ಹೊಟ್ಟೆಯೊಳಗೆ ಹುಳಿಪುಡಿ, ಹುರಳಿಕಾಳು ತುಂಬಿ ಸೂಟ್‌ಕೇಸಿನ ನಡುವೆ ಇಟ್ಟಳು. ಗಂಗಮ್ಮ ಪಕ್ಕದಲ್ಲೇ ನಿಂತಿದ್ದರು.

"ಹೊತ್ತುಹೊತ್ತಿಗೆ ಇದು ಕೂಗ್ತಾ ಇರ್ಲಿ ಕಣೆ. ಕುಕ್ಕರ್ ಕೂಗಿದ್ರೆ ಎಲ್ಲಿದ್ರೂ ಮನೆ ಅನ್ಸುತ್ತೆ."

ಜರ್ಮನಿಯಲ್ಲಿ ನಾವಿಳಿದ ಊರು ಸಣ್ಣದು, ಚೊಕ್ಕಟವಾದದ್ದು. ನಮ್ಮದು ಎರಡನೆಯ ಮಹಡಿ. ಕೆಳಗಿನ ಮನೆಯಲ್ಲಿ ಲಿಂಡ್ನರ್ ಎಂಬ ಮುದುಕಿ ಒಬ್ಬಳೇ ಇದ್ದಳು. ಬಂದ ಮೊದಲ ಭಾನುವಾರ ಶಾಂಭವಿ ಬೇಳೆ ಇಟ್ಟಳು. ನಾನು ಮನಸಾರೆ ಕೂಗಿದೆ. ಎರಡನೆಯ ಕೂಗಿಗೆ ನೆಲದಡಿಯಿಂದ ಟಕ್ ಟಕ್ ಟಕ್ ಎಂದು ಸದ್ದು ಬಂತು.

ಶಾಂಭವಿ ನಕ್ಕಳು. "ರೀ, ಕೆಳಗಡೆ ಯಾರೋ ತಾಳ ಹಾಕ್ತಿದಾರೆ."

ನಿರಂಜನ ಓಡಿ ಬಂದು ಒಲೆ ಆರಿಸಿದ. "ತಾಳ ಅಲ್ಲ. ಆ ಮುದುಕಿ ಪೊರಕೆ ಕೋಲಲ್ಲಿ ಸೂರಿಗೆ ಬಡೀತಿದಾಳೆ. ಇಲ್ಲಿ ಭಾನುವಾರ ಒಂದು ಮೊಳೆ ಹೊಡೆಯೋ ಹಾಗಿಲ್ಲ. ನೀನು ರೈಲು ಬಿಡ್ತಿದೀಯ."

ಚಾಕೊಲೇಟಿನ ಡಬ್ಬಿ ಹಿಡಿದು ಕೆಳಗೆ ಹೋದ. ಡಬ್ಬಿಯ ಜೊತೆಗೇ ವಾಪಸು ಬಂದ.

"ಮಾಲೀಕನಿಗೆ ಹೇಳ್ತಾಳಂತೆ. ಈ ಮನೆ ಸಿಗೋಕೆ ನಾನು ನಾಯಿ ಅಲೆದ ಹಾಗೆ ಅಲೆದಿದೀನಿ. ಇನ್ನೊಂದು ಸಲ ಕೆಳಗಿಂದ ಬಡಿದ್ರೆ ಈ ಡಬ್ಬಾನೂ ನೀನೂ ಒಟ್ಟಿಗೇ ತಿಪಟೂರಿಗೆ ಹೊರಡಿ."

ತಮಾಷೆಗೆ ಹೇಳಿದನೇನೋ ಎಂದು ಶಾಂಭವಿ ಅವನ ಮುಖ ನೋಡಿದಳು. ತಮಾಷೆಯಾಗಿರಲಿಲ್ಲ. ಊರಿನಲ್ಲಿ ಅವಳ ತಂಗಿಯ ಮದುವೆಯ ಮಾತು ನಡೆದಿತ್ತು. ಅಕ್ಕ ಗಂಡನನ್ನು ಬಿಟ್ಟು ಬಂದಳು ಎಂದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಕೆಲಸವೂ ಬೇರೆಯವರ ಪಾಲಾಗಿತ್ತು. ಅಂದಿನಿಂದ ಅವಳ ಬದುಕೆಲ್ಲ ಒಂದೇ ವಿಷಯದ ಮೇಲೆ ನಿಂತಿತು: ಕೆಳಗಿನಿಂದ ಬಡಿಯಬಾರದು.

ಕೂಗುವ ಮೊದಲು ನಾನು ಸಣ್ಣಗೆ ಬುಸುಗುಡುತ್ತೇನೆ, ವೆಯ್ಟು ಅಲುಗುತ್ತದೆ. ಆ ಅಲುಗಾಟಕ್ಕೆ ಕಾದು ನಿಂತು ಅವಳು ನನ್ನನ್ನು ಒಲೆಯಿಂದ ಎತ್ತಿಬಿಡುತ್ತಿದ್ದಳು. ತಣ್ಣಗಾದ ಮೇಲೆ ಮತ್ತೆ ಇಡುವುದು, ಮತ್ತೆ ಎತ್ತುವುದು. ಬೇಳೆ ಅರ್ಧ ಬೇಯುತ್ತಿತ್ತು. ಅರ್ಧ ಬೆಂದದ್ದನ್ನೇ ಅವರು ತಿನ್ನುತ್ತಿದ್ದರು. ಕೂಗುವುದಕ್ಕೆಂದೇ ಮಾಡಿದ ವಸ್ತುವಿನ ಬಾಯಿ ದಿನವೂ ಹೀಗೆ ಮುಚ್ಚಿದರೆ ಅದು ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ರಬ್ಬರು ಗಟ್ಟಿಯಾಗತೊಡಗಿತು.

ಅವಳು ದಪ್ಪ ಕಾಲುಚೀಲ ಹಾಕಿ ನಡೆಯಲು ಕಲಿತಳು. ಬಾಗಿಲನ್ನು ಹಿಡಿ ತಿರುಗಿಸಿಯೇ ಮುಚ್ಚುವುದು, ಕುರ್ಚಿಯನ್ನು ಎತ್ತಿಯೇ ಸರಿಸುವುದು, ಸೀನು ಬಂದರೆ ದಿಂಬಿನೊಳಗೆ ಸೀನುವುದು. ಒಗ್ಗರಣೆ ಸದ್ದು ಮಾಡುತ್ತದೆ, ವಾಸನೆಯೂ ಬರುತ್ತದೆ, ಅದನ್ನು ಬಿಟ್ಟಳು. ಅಡುಗೆ ಮಾಡುತ್ತಾ ಜರ್ಮನ್ ಪಾಠ ಉರು ಹೊಡೆಯುತ್ತಿದ್ದಳು, ಅದೂ ತುಟಿಯಲ್ಲೇ. ನನಗೂ ಒಂದಿಷ್ಟು ಬಂತು. ಕ್ಷಮಿಸಿ ಎಂಬ ಮಾತು ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು.

ಗಂಗಮ್ಮ ಫೋನು ಮಾಡಿದರೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು.

"ಯಾಕೆ ಕಣೆ ಹಿಂಗೆ ಪಿಸುಗುಡ್ತೀಯ? ಬಸುರೇನೆ?"

"ಇಲ್ಲ ಅತ್ತೆ. ಇಲ್ಲಿ ಹೀಗೇ ಮಾತಾಡೋದು."

"ಎಲ್ಲಾರೂ ಹಿಂಗೇನಾ? ಯಾರಾದ್ರೂ ಸತ್ತ ಮನೆ ಥರ? ಕುಕ್ಕರ್ ಕೂಗೋದು ಕೇಳ್ಸು ಒಂದ್ಸಲ."

"ಆಗ್ಲೇ ಕೂಗಾಯ್ತು ಅತ್ತೆ."

ಒಂದು ಚಳಿಗಾಲದ ಸಂಜೆ ನಿರಂಜನನ ಆಫೀಸಿನವರು ಊಟಕ್ಕೆ ಬರುವವರಿದ್ದರು. ಶಾಂಭವಿ ಎರಡು ದಿನ ಯೋಚಿಸಿ ಬಿಸಿಬೇಳೆಬಾತು ಮಾಡಿದ್ದಳು. ನಿರಂಜನ ಕೋಟು ಬಿಚ್ಚುವ ಮೊದಲೇ ಮೂಗು ಹಿಡಿದ.

"ಏನಿದು ವಾಸನೆ? ಛತ್ರದಲ್ಲಿದೀವಾ ನಾವು?"

"ನೀವೇ ಹೇಳಿದ್ರಲ್ಲ, ನಮ್ಮ ಕಡೆ ಅಡುಗೆ ಕೇಳ್ತಿದಾರೆ ಅಂತ."

"ಕೇಳ್ತಾರೆ. ಕೇಳೋದು ಅವರ ಮರ್ಯಾದೆ. ಮಾಡದೆ ಇರೋದು ನಮ್ಮ ಮರ್ಯಾದೆ."

ನನ್ನನ್ನು ತುಂಬಿದ ಹೊಟ್ಟೆಯೊಂದಿಗೇ ಬಾಲ್ಕನಿಗೆ ಹಾಕಿದ. ಒಳಗೆ ಪಿಜ್ಜಾ ಬಂತು. ಗಾಜಿನ ಬಾಗಿಲ ಕೆಳಗಿನಿಂದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಆರು ಬೂಟುಗಳ ನಡುವೆ ಅವಳ ಕಾಲುಚೀಲದ ಪಾದಗಳು, ಒಂದರ ಮೇಲೊಂದು. ನಿಮ್ಮ ಹೆಂಡತಿ ಮಾತೇ ಆಡುವುದಿಲ್ಲವಲ್ಲ ಎಂದು ಯಾರೋ ಕೇಳಿದರು. "ಮೊದಲು ಆಡುತ್ತಿದ್ದಳು, ರಿಪೇರಿ ಮಾಡಿಸಿದೆ" ಎಂದ ನಿರಂಜನ. ಎಲ್ಲರೂ ನಕ್ಕರು. ಆ ಜರ್ಮನ್ ವಾಕ್ಯ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಅವಳೂ ನಕ್ಕಳು. ಬೆಳಗಾಗುವಷ್ಟರಲ್ಲಿ ಬಾತು ನನ್ನೊಳಗೆ ಕಲ್ಲಾಗಿತ್ತು. ಅದನ್ನು ಸೌಟಿನಿಂದ ಕೆತ್ತಿ ತೆಗೆಯಲು ಸದ್ದಾಗುತ್ತದೆಂದು ಅವಳು ಬಿಸಿನೀರು ಹಾಕಿ ಮಧ್ಯಾಹ್ನದವರೆಗೂ ಕಾದಳು.

ಆದರೂ ಅವಳು ಗೆದ್ದಿದ್ದಳು. ಕೆಳಗಿನಿಂದ ಮತ್ತೆ ಬಡಿತ ಬಂದಿರಲಿಲ್ಲ. "ಈಗ ಮನುಷ್ಯರ ಥರ ಇದೀವಿ ನೋಡು" ಎಂದು ನಿರಂಜನ ಒಮ್ಮೆ ಬೆನ್ನು ತಟ್ಟಿದ್ದ. ಆ ದಿನ ಅವಳು ತಂಗಿಗೆ ಫೋನು ಮಾಡಿ, ಚೆನ್ನಾಗಿದೀನಿ, ಅವರು ತುಂಬ ಒಳ್ಳೆಯವರು ಎಂದಳು.

ವಸಂತ ಬಂದ ಮೇಲಿನ ಒಂದು ಭಾನುವಾರ ನಿರಂಜನ ತಡವಾಗಿ ಎದ್ದ. ಮುಖ ಬಾಡಿತ್ತು. ಎದೆ ಹಿಡಿದ ಹಾಗಿದೆ, ಗ್ಯಾಸ್ ಇರಬೇಕು ಎಂದ. ಅಡುಗೆಮನೆಯ ಬಾಗಿಲಿಗೆ ಬಂದು ಒರಗಿ ನಿಂತ. ಅವನು ಅಲ್ಲಿಗೆ ಬರುವುದೇ ಅಪರೂಪ.

"ಹುರಳಿಕಾಳು ಇದೆಯಾ ಇನ್ನೂ?"

"ಒಂದು ಹಿಡಿ ಇದೆ."

"ಕಟ್ಟಿನ ಸಾರು ಮಾಡ್ತೀಯಾ? ಅಮ್ಮ ಮಾಡ್ತಿದ್ಲಲ್ಲ, ಹಂಗೆ. ಬಾಯೆಲ್ಲ ಕೆಟ್ಟಿದೆ."

ಶಾಂಭವಿ ತಿರುಗಿ ನೋಡಿದಳು. ಮದುವೆಯಾದ ಮೇಲೆ ಅವನು ಅವಳಲ್ಲಿ ಬೇಡಿದ ಮೊದಲ ಅಡುಗೆ ಅದು.

"ಮಾಡ್ತೀನಿ. ನೀವು ಸ್ನಾನ ಮಾಡ್ಕೊಂಡು ಬನ್ನಿ."

ಅವನು ಬಚ್ಚಲಿನ ಕಡೆ ಹೋದವನು ತಿರುಗಿ ನಿಂತು ಹೇಳಿದ. "ಕೂಗಿಸ್ಬೇಡ ಮತ್ತೆ."

ಚಿಲಕ ಹಾಕಿದ ಸದ್ದು ಕೇಳಿತು.

ಅವಳು ಹುರಳಿಕಾಳನ್ನು ತೊಳೆದು ನನಗೆ ಹಾಕಿದಳು. ನೀರು, ಚಿಟಿಕೆ ಅರಿಸಿನ. ಮುಚ್ಚಳ ತಿರುಗಿಸಿ ವೆಯ್ಟು ಇಟ್ಟು ಎದುರಿಗೆ ನಿಂತಳು. ನನ್ನ ತಳ ಆಗತಾನೇ ಬಿಸಿಯಾಗುತ್ತಿತ್ತು. ನೀರು ಇನ್ನೂ ಕುದಿ ಹಿಡಿದಿರಲಿಲ್ಲ.

ಟಕ್ ಟಕ್ ಟಕ್.

ನೆಲದಿಂದ ಬಂತು. ಶಾಂಭವಿ ಬೆಚ್ಚಿಬಿದ್ದು ಒಲೆ ಆರಿಸಿದಳು. ನನ್ನನ್ನು ಎತ್ತಿ ಮಡಿಸಿದ ಟವೆಲಿನ ಮೇಲಿಟ್ಟು, ಇನ್ನೊಂದು ಟವೆಲನ್ನು ತಲೆಯ ಮೇಲೆ ಹೊದಿಸಿದಳು. ಆಮೇಲೆ ತಾನೂ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತಳು.

ಮತ್ತೆ ಬಂತು. ಈ ಸಲ ಎರಡೇ ಬಡಿತ, ನಡುವೆ ಹೆಚ್ಚು ಹೊತ್ತು. ಅವಳು ನೆಲಕ್ಕೆ ಬಾಯಿ ಹತ್ತಿರ ತಂದು ಜರ್ಮನ್ನಿನಲ್ಲಿ ಕ್ಷಮಿಸಿ, ಕ್ಷಮಿಸಿ ಎಂದು ಪಿಸುಗುಟ್ಟಿದಳು. ಬಚ್ಚಲಿನ ಬಾಗಿಲ ಕಡೆ ನೋಡಿದಳು. ಅವನಿಗೆ ಕೇಳಿಸದಿದ್ದರೆ ಸಾಕು ಎಂಬ ನೋಟ. ಇನ್ನೊಮ್ಮೆ, ಉಗುರಿನಿಂದ ಗೀಚಿದ ಹಾಗೆ ಒಂದು ಸದ್ದು. ಆಮೇಲೆ ಇಲ್ಲ.

"ಸದ್ಯ" ಎಂದಳು ಶಾಂಭವಿ. ಉಸಿರು ಬಿಟ್ಟು ಗೋಡೆಗೆ ಒರಗಿದಳು.

ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಬಾಗಿಲ ಗಂಟೆ ಬಾರಿಸಿತು. ಕ್ಷಮಿಸಿ ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡೇ ತೆರೆದಳು. ಲಿಂಡ್ನರ್ ಮುದುಕಿ ಏದುಸಿರು ಬಿಡುತ್ತಾ ನಿಂತಿದ್ದಳು.

"ಕ್ಷಮಿಸಿ, ಕುಕ್ಕರ್ ಇಲ್ಲ, ಆರಿಸಿದ್ದೇನೆ" ಎಂದಳು ಶಾಂಭವಿ.

ಮುದುಕಿ ತಲೆಯಾಡಿಸಿದಳು. "ಯಾವ ಕುಕ್ಕರ್? ನೀವು ನನ್ನ ಸೂರಿನ ಮೇಲೆ ಬಡಿದಿರಿ. ಮೊದಲು ಸೇಡು ತೀರಿಸಿಕೊಳ್ಳುತ್ತಿದ್ದೀರಿ ಅಂದುಕೊಂಡು ಸುಮ್ಮನಿದ್ದೆ. ಆಮೇಲೆ ನಿಂತುಹೋಯಿತು. ನನಗೆ ಅದು ಹಿಡಿಸಲಿಲ್ಲ."

"ಬಡಿದದ್ದು ನೀವಲ್ಲವೇ?"

"ನಾನು ಚರ್ಚಿಗೆ ಹೊರಟು ಹ್ಯಾಟು ಹಾಕುತ್ತಿದ್ದೆ, ಮಗಳೇ."

ಶಾಂಭವಿ ತಿರುಗಿ ಮೊದಲು ನೋಡಿದ್ದು ಬಚ್ಚಲನ್ನಲ್ಲ, ನನ್ನನ್ನು. ಟವೆಲು ಸರಿಸಿ ನನ್ನ ಮೈ ಮುಟ್ಟಿದಳು. ನಾನು ಕೂಗಿರಲಿಲ್ಲ. ಕೂಗುವಷ್ಟು ಬಿಸಿಯೇ ಆಗಿರಲಿಲ್ಲ. ಕೂಗದ ಕುಕ್ಕರಿಗೆ ಯಾರು ಕೋಲು ಬಡಿಯುತ್ತಾರೆ? ಅಷ್ಟನ್ನು ಮುಟ್ಟಿ ತಿಳಿದ ಮೇಲೆ ಅವಳು ಬಚ್ಚಲಿಗೆ ಓಡಿದಳು. ಆ ಮನೆಗೆ ಬಂದ ಮೇಲೆ ಅವಳ ಹೆಜ್ಜೆ ಸದ್ದಾದದ್ದು ಅದೇ ಮೊದಲು.

ಬಾಗಿಲು ಒಡೆಯುವವರು ಬಂದರು, ಡಾಕ್ಟರು ಬಂದರು. ಬಿದ್ದ ಮೇಲೂ ಸ್ವಲ್ಪ ಹೊತ್ತು ಪ್ರಜ್ಞೆ ಇದ್ದಿರಬೇಕು, ಶಾಂಪೂ ಬಾಟಲಿ ಕೈಯಲ್ಲೇ ಇದೆ ಎಂದರು ಡಾಕ್ಟರು. ಆಮೇಲೆ ಶಾಂಭವಿಯನ್ನು ನಿಧಾನವಾಗಿ, ಬಿಡಿಬಿಡಿ ಮಾತಿನಲ್ಲಿ ಕೇಳಿದರು. ಅವರು ಕೂಗಿದರೇ?

"ಇಲ್ಲ" ಎಂದಳು ಶಾಂಭವಿ. "ಭಾನುವಾರ ಕೂಗುವುದಿಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳ ಭಾಷೆ ಇನ್ನೂ ಸರಿಯಿಲ್ಲ ಎಂದುಕೊಂಡರು.

ಹೊರಡುವ ಹಿಂದಿನ ದಿನ ಗಂಗಮ್ಮ ಫೋನು ಮಾಡಿದರು. ಮನೆಯಲ್ಲಿ ಎಲ್ಲರೂ ಅತ್ತು ಮುಗಿಸಿದ್ದರು.

"ಆ ಕುಕ್ಕರ್ ಅಲ್ಲೇ ಬಿಟ್ಟು ಬಾರಮ್ಮ."

"ಚೆನ್ನಾಗಿದೆ ಅತ್ತೆ ಇನ್ನೂ."

"ಚೆನ್ನಾಗಿರುತ್ತೆ. ಮೇಲೆ ಅಕ್ಷರ ಇದೆಯಲ್ಲ. ನಿನ್ನ ತಂಗೀನ ನೋಡೋಕೆ ಬಂದೋರು ಓದ್ತಾರೆ."

ಆ ಮಧ್ಯಾಹ್ನ ಅವಳು ತಂತಿ ನಾರಿನಿಂದ ಆ ಎರಡಕ್ಷರವನ್ನು ಉಜ್ಜಿದಳು. ಕರಕರ ಸದ್ದು ಕಟ್ಟಡಕ್ಕೆಲ್ಲ ಕೇಳುತ್ತಿತ್ತು. ಕೆಳಗಿನಿಂದ ಯಾರೂ ಬಡಿಯಲಿಲ್ಲ. ಬೆರಳ ತುದಿ ಸುಲಿಯಿತು. ಗಂಗಮ್ಮ ಹೇಳಿ ಕೊರೆಸಿದ್ದು, ಹೋಗಲಿಲ್ಲ. ಸುತ್ತಲಿನ ಹೊಳಪು ಹೋಗಿ ಅಕ್ಷರಗಳು ಇನ್ನೂ ಎದ್ದು ಕಂಡವು.

ನನ್ನನ್ನು ಕೆಳಗಿನ ಮನೆಗೆ ಕೊಟ್ಟು ಹೋದಳು. ಇದೇನು ಬರೆದಿದೆ ಎಂದು ಮುದುಕಿ ಕೇಳಿದಳು.

"ನನ್ನ ಹೆಸರು."

"ಮೊದಲಿನ ಈ ಎರಡು?"

"ಅದೂ ನನ್ನ ಹೆಸರೇ ಆಗಿತ್ತು."

ಈಗ ನಾನು ಮುದುಕಿಯ ಬಾಲ್ಕನಿಯಲ್ಲಿದ್ದೇನೆ. ಮುಚ್ಚಳ, ವೆಯ್ಟು ಎಲ್ಲಿ ಹೋದವೋ ತಿಳಿಯದು. ತಳಕ್ಕೆ ತೂತು ಕೊರೆದು ಮಣ್ಣು ತುಂಬಿ ಕೆಂಪು ಹೂವಿನ ಗಿಡ ನೆಟ್ಟಿದ್ದಾಳೆ. ಅಕ್ಷರಗಳು ಚೆಂದವೆಂದು ಆ ಬದಿಯನ್ನೇ ಬೀದಿಗೆ ಕಾಣುವಂತೆ ತಿರುಗಿಸಿದ್ದಾಳೆ. ಹೋಗಿಬರುವ ಯಾರಿಗೂ ಅದನ್ನು ಓದಲು ಬಾರದು.

ಮೇಲಿನ ಮನೆಗೆ ಬೇರೆಯವರು ಬಂದಿದ್ದಾರೆ. ಅವರ ಮಗು ಗೊಂಬೆ ಎಸೆಯುತ್ತದೆ, ಕುರ್ಚಿ ಉರುಳಿಸುತ್ತದೆ. ಮುದುಕಿ ಪೊರಕೆ ಮುಟ್ಟುವುದಿಲ್ಲ. ಸೂರಿನಲ್ಲಿ ಟಕ್ ಎಂದರೆ ಸಾಕು, ಕೈಲಿದ್ದುದನ್ನು ಬಿಟ್ಟು ಮೆಟ್ಟಿಲು ಹತ್ತಿ ಹೋಗಿ ಗಂಟೆ ಒತ್ತುತ್ತಾಳೆ. ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳುತ್ತಾಳೆ.

ಹೋದ ವಾರ ಮಾಲೀಕ ಬಂದಿದ್ದ. ಕೆಳಗಿನ ಮುದುಕಿಯ ಕಾಟ ತಡೆಯಲಾಗುತ್ತಿಲ್ಲ ಎಂದು ಮೇಲಿನವರು ದೂರು ಕೊಟ್ಟಿದ್ದಾರಂತೆ. ಮತ್ತೆ ಹೀಗಾಗಕೂಡದು ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದ.

ಇವತ್ತು ಭಾನುವಾರ. ಮೇಲೆ ಏನೋ ಬಿತ್ತು. ಮುದುಕಿ ಎದ್ದು ಬಾಗಿಲವರೆಗೆ ಹೋದಳು. ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಮೇಲಿನಿಂದ ಮತ್ತೆ ಸದ್ದಿಲ್ಲ. ನನ್ನೊಳಗಿನ ಮಣ್ಣು ತಣ್ಣಗಿದೆ.