ಕೆಂಪು ಹುಂಜದ ಪರ

ನನ್ನ ಕಾಫಿ ಅಂಗಡಿ ಇರುವುದೇ ಕೋಳಿ ಅಂಕದ ಬೇಲಿಗೆ ಅಂಟಿಕೊಂಡು. ಬಾಲಿಯ ಗಂಡಸರ ಸಂಕಟ ಏನೆಂದು ನನ್ನನ್ನು ಕೇಳಿ. ನಮ್ಮಲ್ಲಿ ರಕ್ತಸಂಬಂಧಿಯ ಹುಂಜದ ಪರವಾಗಿ ಪಣ ಕಟ್ಟಲೇಬೇಕು. ಮನಸ್ತಾಪವಿದ್ದರೆ? ಕಾಫಿಯ ನೆಪ ಹೇಳಿ ಮೆಲ್ಲಗೆ ನನ್ನ ಅಂಗಡಿಗೆ ಜಾರಿಕೊಳ್ಳುತ್ತಾರೆ. ಎದುರಾಳಿ ಹುಂಜದ ಪರ ಕೂಗಿದರಂತೂ ಮುಗಿಯಿತು, ಜನ್ಮದ ಹಗೆಯೆಂದು ಊರಿಗೇ ಸಾರಿದಂತೆ.

ನನ್ನ ಗಂಡ ಕೆರ್ತಿಗೂ ಅವನ ಅಣ್ಣ ಲನೂಸ್ ಭಾವನಿಗೂ ಗದ್ದೆಗೆ ನೀರು ಬಿಡುವ ಸರದಿಯ ಜಗಳದಲ್ಲಿ ಮಾತು ನಿಂತು ವರ್ಷಗಳಾಗಿದ್ದವು. ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಅಸ್ಥಿ ತೆಗೆದು ಸುಡುವ ದಿನ ಬರುವವರೆಗೆ, ನಮ್ಮ ಪದ್ಧತಿಯಂತೆ, ಸದ್ಯಕ್ಕೆಂದು ಹೂತೆವು. ಮಕ್ಕಳಿಬ್ಬರೂ ಕೂಡಿ ಚಿತೆಗೆ ಬೆಂಕಿ ಇಡದೆ ಆ ಜೀವಕ್ಕೆ ಬಿಡುಗಡೆಯಿಲ್ಲ. ಪುರೋಹಿತರು ಹೇಳಿದರು, ಊರ ಹಿರಿಯರು ಹೇಳಿದರು. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಇಬ್ಬರೂ ಒಂದೇ ಹಟಮಾರಿ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ!

ದೇವಸ್ಥಾನದ ಪೂಜೆಗೆ ಮೊದಲು ಭೂತಗಣಗಳಿಗೆಂದು ನೆಲಕ್ಕೆ ನೆತ್ತರು ಬೀಳಬೇಕು. ಅಂದು ಕೆರ್ತಿ ತನ್ನ ಕೆಂಪು ಹುಂಜವನ್ನು ಕಣಕ್ಕೆ ತಂದಿದ್ದ. ಎದುರಿಗೆ ಪಕ್ಕದೂರಿನ ಬಿಳಿ ಹುಂಜ.

“ಕಾಫಿ ಬಿಸಿ ಮಾಡಮ್ಮ, ನಿನ್ ಭಾವ ಬರೋ ಹೊತ್ತಾಯ್ತು,” ಎಂದ ಬೆಂಚಿನ ಮೇಲಿದ್ದ ಗೆಜೇರ್ ಅಜ್ಜ. “ತಮ್ಮನ ಹುಂಜ ಕಂಡ್ರೆ ಸಾಕು, ಅವನಿಗೆ ಬಾಯಾರ್ಕೆ!”

“ನಿನ್ ಬಾಯಿಗೆ ಮೊದ್ಲು ಬೀಗ ಹಾಕ್ಕೋ ಅಜ್ಜ.”

ಭಾವ ಬಂದ. ಲೋಟ ಚಾಚಿದೆ. “ಇವತ್ತು ಬೇಡ ಕಣಮ್ಮ,” ಎಂದವನೇ ಗುಂಪಿನೊಳಗೆ ನುಗ್ಗಿದ. ಬಿಳಿಯ ಪರ ಕೂಗಿದನೆಂದರೆ ಅತ್ತೆ ಮಣ್ಣಲ್ಲೇ ಉಳಿದ ಹಾಗೆ. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲ ನಿಜ, ಬೆಂಚು ಹತ್ತುವುದಕ್ಕೆ ಯಾರ ಅಪ್ಪಣೆ ಬೇಕು? ಅಜ್ಜನನ್ನು ಎಬ್ಬಿಸಿ ಹತ್ತಿದೆ.

ಪಣದ ಗದ್ದಲದಲ್ಲಿ ಕಿವಿ ಕಿವುಡಾಗುತ್ತಿತ್ತು. ಅದನ್ನು ಸೀಳಿಕೊಂಡು ಭಾವನ ದನಿ ಬಂತು. “ಕೆಂಪು! ನಂದು ಕೆಂಪಿಗೆ!”

ಹುಂಜದ ಕಾಲಿಗೆ ಕತ್ತಿ ಕಟ್ಟುತ್ತಿದ್ದ ಕೆರ್ತಿಯ ಕೈ ನಿಂತುಬಿಟ್ಟಿತು. ತಲೆ ಮಾತ್ರ ಎತ್ತಲಿಲ್ಲ.

ಮೊದಲ ನೆಗೆತಕ್ಕೇ ಬಿಳಿಯ ಕತ್ತಿ ಕೆಂಪಿನ ಎದೆಗೆ ನಾಟಿತು. ತೂತಿನ ತೆಂಗಿನ ಚಿಪ್ಪನ್ನು ನೀರಿಗೆ ಬಿಟ್ಟರು. ಅದು ಮುಳುಗುವಷ್ಟರಲ್ಲಿ ಹುಂಜಕ್ಕೆ ಚೇತರಿಕೆ ಬರಬೇಕು, ಇಲ್ಲವಾದರೆ ಸೋತಂತೆ. ಕೆರ್ತಿ ಕೊಕ್ಕಿಗೆ ಉಸಿರೂದಿದ. ಹುಂಜ ಅಲುಗಲಿಲ್ಲ. ಕೊನೆಗೆ ಅದನ್ನು ಅಣ್ಣನತ್ತ ಚಾಚಿದ.

ಭಾವ ಅದರ ಇಡೀ ತಲೆಯನ್ನೇ ಬಾಯೊಳಗೆ ತೆಗೆದುಕೊಂಡು ನೆತ್ತರು ಹೀರಿ ಉಗಿದ, ಮತ್ತೆ ಊದಿದ. ಹುಂಜ ಕಣ್ಣು ತೆರೆಯಿತು. ಅಯ್ಯೋ ದೇವರೇ, ಎದ್ದು ನಿಂತಿತು! ಎಷ್ಟು ಅಂಕ ಕಂಡಿಲ್ಲ ನಾನು. ಸತ್ತದ್ದು ಹೀಗೆ ಎದ್ದು, ಕತ್ತು ನಿಗುರಿಸಿ, ಸಾವಿನ ಎದುರಿಗೇ ನಡೆದುಹೋದದ್ದನ್ನು ಕಂಡಿರಲಿಲ್ಲ. ಒಂದು ಸಲ ಹಾರಿತು. ಆಮೇಲೆ ಬಿತ್ತು. ಬಿದ್ದ ನೆತ್ತರನ್ನು ನೆಲ ಗಟಗಟ ಕುಡಿಯಿತು. ಭೂತಗಣಗಳು ನಿಜವಾಗಿಯೂ ಅಲ್ಲಿ ಬಂದು ನಿಂತಿವೆ ಅನ್ನಿಸಿ ಕೈ ಮುಗಿದೆ.

ಸೋತೆವು. ಬಿಳಿಯ ಒಡೆಯ ಪದ್ಧತಿಯಂತೆ ನಮ್ಮ ಹುಂಜವನ್ನು ಸಾರು ಮಾಡಲೆಂದು ಎತ್ತಿಕೊಂಡು ಹೋದ. ಅಣ್ಣ ತಮ್ಮ ಬರಿಗೈಯಲ್ಲಿ ಎದುರುಬದುರು ನಿಂತರು.

“ಹೋಯ್ತಲ್ಲೋ,” ಎಂದ ಭಾವ, ತುಟಿ ಒರೆಸಿಕೊಳ್ಳುತ್ತ.

“ನಿನ್ ದುಡ್ಡೂ ಹೋಯ್ತಲ್ಲಣ್ಣ.”

“ಹೋಗ್ಲಿ ಬಿಡು. ಬಾ, ಅಮ್ಮನ್ನ ಕಳಿಸಿಕೊಡೋಣ.”

ಕೆರ್ತಿ ಆ ಹಸಿ ನೆಲದ ಮೇಲೇ ಕುಕ್ಕರಿಸಿ ಕೂತು, ಊರೆಲ್ಲ ನೋಡುತ್ತಿರುವಂತೆ, ಗೊಳೋ ಎಂದು ಅತ್ತುಬಿಟ್ಟ.