ಐದನೆಯ ಶಾಲೆ

ಹೆಣ್ಣುಮಕ್ಕಳ ಹಣೆಯ ಕುಂಕುಮ ಒರೆಸಿಸಬೇಕು. ಇದು ಕಾಶೀನಾಥನಿಗೆ ಹೊಳೆದದ್ದು ಮಕ್ಕಳೆಲ್ಲ ಬಂದು ಕುಳಿತು, ಕಿಟಕಿಗಳಿಗೆ ಗೋಣಿಚೀಲ ಬಿಗಿದು, ತೊಲೆಗೆ ಬಲ್ಬು ತೂಗುಹಾಕಿದ ಮೇಲೆ. ಇಷ್ಟೆಲ್ಲ ಯೋಚಿಸಿದವನ ತಲೆಗೆ ಇದೊಂದು ಬಂದಿರಲಿಲ್ಲ. ಟಾಂಜಾನಿಯಾದ ಯಾವ ಹಳ್ಳಿಯ ಹುಡುಗಿ ಕುಂಕುಮ ಇಟ್ಟುಕೊಂಡು ಶಾಲೆಗೆ ಬರುತ್ತಾಳೆ?

"ಟೀಚರ್, ಮಕ್ಕಳ ಹಣೆ ಸ್ವಲ್ಪ..."

ಭಾಗೀರಥಿ ಟೀಚರು ತಿರುಗಿದರು. ಜಾವಳಿಯ ಹತ್ತಿರದ ಈ ಎಸ್ಟೇಟಿನ ಕೂಲಿಲೈನಿನಲ್ಲಿ ಇರುವುದು ಒಂದೇ ಕೋಣೆಯ ಶಾಲೆ. ಪಾಠ ಹೇಳುವವರೂ ಗಂಟೆ ಹೊಡೆಯುವವರೂ ಆಕೆಯೇ.

"ಹಣೆಗೆ ಎಂತ ಆಗಿದೆ ಸಾರ್?"

"ಬರೀ ಹಣೆಯಾದ್ರೆ ಫೋಟೋ ಚೆನ್ನಾಗಿ ಬರುತ್ತೆ. ಬೆಳಕಿಗೆ ಕುಂಕುಮ ಹೊಳೆಯುತ್ತೆ."

"ಕುಂಕುಮ ಹೊಳೆಯುತ್ತಾ?"

"ಕ್ಯಾಮರಾದಲ್ಲಿ."

ಆಕೆ ಸೆರಗಿನಿಂದ ಕೈಯ ಚಾಕ್‌ಪುಡಿ ಒರೆಸಿಕೊಂಡರು. "ಹಣೆ ಒರೆಸ್ಕೊಳ್ಳಿ ಅಂತ ಹೆಣ್ಮಕ್ಕಳಿಗೆ ಹೇಳೋದು ನನ್ನ ಬಾಯಲ್ಲಿ ಬರೋದಿಲ್ಲ. ನೀವೇ ಹೇಳಿ."

ಅವನೇ ಹೇಳಿದ. ಮಕ್ಕಳು ಟೀಚರ ಮುಖ ನೋಡಿದರು. ಟೀಚರು ಗೋಣಿಚೀಲ ಕಟ್ಟಿದ ಕಿಟಕಿಯ ಕಡೆ ನೋಡುತ್ತಿದ್ದರು, ಹೊರಗೆ ಏನೋ ಕಾಣುತ್ತಿರುವವರಂತೆ. ಕೊನೆಗೆ ಮುಂದಿನ ಸಾಲಿನ ಮುದ್ದಮ್ಮನೆಂಬ ಹುಡುಗಿ ಲಂಗದ ತುದಿಯಿಂದ ಹಣೆ ಉಜ್ಜಿಕೊಂಡಳು. ಒಬ್ಬಳು ಮಾಡಿದ್ದನ್ನು ಎಲ್ಲರೂ ಮಾಡಿದರು. ಕುಂಕುಮ ಹೋಗುವ ಬದಲು ಹಣೆಯಗಲ ಹರಡಿತು. ಕಪ್ಪು-ಬಿಳುಪು ಫಿಲಮ್ಮಿನಲ್ಲಿ ಅದು ಕಾಣುವುದಿಲ್ಲವೆಂದು ಅವನು ಸಮಾಧಾನ ಮಾಡಿಕೊಂಡ.

ಸಮಾಧಾನ ಮಾಡಿಕೊಳ್ಳುವುದರಲ್ಲಿ ಅವನದು ಪಳಗಿದ ಕೈ. ಫಿಸಿಕ್ಸ್ ಪಾಠ ಹೇಳಲೆಂದು ಮೂರು ವರ್ಷದ ಒಪ್ಪಂದದ ಮೇಲೆ ಆಫ್ರಿಕಕ್ಕೆ ಹೋದವನು, ಮನೆಯವರು ಮದುವೆಯ ಮಾತೆತ್ತಿದಾಗಲೆಲ್ಲ ಅಲ್ಲಿಯ ಕತ್ತಲೆಯ ಶಾಲೆಗಳ ಬಗ್ಗೆ ಬರೆದು ಕಳಿಸಿ ಸಮಾಧಾನ ಮಾಡಿಕೊಂಡಿದ್ದ. ಆ ಶಾಲೆಗಳಿಗೆ ವಿದ್ಯುತ್ತು ಕೊಡುವ ಒಂದು ಪುಟ್ಟ ಸಂಸ್ಥೆ ಇತ್ತು. ಸಂಸ್ಥೆ ಎಂದರೆ ಇಂಗ್ಲೆಂಡಿನ ಮಿಸೆಸ್ ಹಾರ್ಟ್ಲಿ ಎಂಬ ಮುದುಕಿ, ಆಕೆಯ ಅಡುಗೆಮನೆಯ ಮೇಜು, ಆಕೆಯ ಚರ್ಚಿಗೆ ಬರುವ ಒಂದಷ್ಟು ದಯಾವಂತರು. ಹಳೆಯ ಡೀಸೆಲ್ ಎಂಜಿನ್ನುಗಳು ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದವು. ರಜೆಯ ದಿನಗಳಲ್ಲಿ ಅವನ್ನು ಹಳ್ಳಿಗೆ ಸಾಗಿಸಿ, ತಂತಿ ಎಳೆದು, ದೀಪ ಹತ್ತಿಸುತ್ತಿದ್ದವನು ಕಾಶೀನಾಥ. ನಾಲ್ಕು ಶಾಲೆಗಳಿಗೆ ಬೆಳಕು ಬಂದಿತ್ತು. ಐದನೆಯ ಹಳ್ಳಿಯವರು ಎಂಜಿನ್ನಿಗೆಂದು ಮಣ್ಣಿನ ಕೋಣೆಯನ್ನೂ ಕಟ್ಟಿಕೊಂಡು ಕಾಯುತ್ತಿದ್ದರು.

ಒಪ್ಪಂದ ಮುಗಿದು ಜೂನಿನಲ್ಲಿ ಊರಿಗೆ ಬಂದ. ಫೋಟೋ ತೆಗೆದ ಫಿಲಮ್ಮುಗಳೆಲ್ಲ ಟ್ರಂಕಿನಲ್ಲಿದ್ದವು. ಮೂರು ವರ್ಷ ಹೊರಗಿದ್ದವನಿಗೆ ಇಲ್ಲಿಯ ಮಳೆಗಾಲ ಮರೆತುಹೋಗಿತ್ತು. ಮಳೆ ನಿಂತ ಮೇಲೆ ಟ್ರಂಕು ತೆಗೆದರೆ ಕೋಟಿಗೂ ಬೂಷ್ಟು, ಬೂಟಿಗೂ ಬೂಷ್ಟು, ಫಿಲಮ್ಮಿಗೂ ಬೂಷ್ಟು. ಚಿಕ್ಕಮಗಳೂರಿನ ಸ್ಟುಡಿಯೋದವನು ತೊಳೆದು ಬೆಳಕಿಗೆ ಹಿಡಿದು ನೋಡಿ, "ಮೋಡದ ಫೋಟೋ ಎಂತಕ್ಕೆ ಇಷ್ಟೊಂದು ತೆಗೆದ್ರಿ ಸಾರ್?" ಎಂದು ಕೇಳಿದ್ದ.

ಮಿಸೆಸ್ ಹಾರ್ಟ್ಲಿಗೆ ವರ್ಷದ ಕೊನೆಯ ಪುಸ್ತಿಕೆಯಲ್ಲಿ ದೀಪದ ಕೆಳಗೆ ಓದುತ್ತಿರುವ ಮಕ್ಕಳ ಮುಖ ಬೇಕಿತ್ತು. ಚಿತ್ರ ಬಂದರೆ ದಯಾವಂತರು ಕರಗುತ್ತಾರೆ, ಅವರು ಕರಗಿದರೆ ಐದನೆಯ ಶಾಲೆ, ಐದನೆಯ ಶಾಲೆಯಾದರೆ ಕಾಶೀನಾಥನಿಗೆ ಮತ್ತೆ ಅಲ್ಲಿ ಕೆಲಸ. ಚಿತ್ರವಿಲ್ಲದಿದ್ದರೆ ಇದು ಯಾವುದೂ ಇಲ್ಲ.

ಆದರೆ ಅವನನ್ನು ಕಾಡಿದ್ದು ಬೇರೆಯೇ. ಫಿಲಮ್ಮು ಹೋದ ಮೇಲೆ ನಾಲ್ಕು ಶಾಲೆಗಳ ಒಂದೇ ಒಂದು ಮಗುವಿನ ಮುಖವೂ ಅವನಿಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿದರೆ ಬಲ್ಬು ಕಾಣುತ್ತಿತ್ತು, ತಂತಿ ಕಾಣುತ್ತಿತ್ತು, ಮುಖಗಳಿರಬೇಕಾದಲ್ಲಿ ಏನೂ ಇರುತ್ತಿರಲಿಲ್ಲ. ಊರಿನವರು, "ಅಲ್ಲಿ ಸಿಂಹ ಉಂಟಂತಲ್ಲ?" ಎಂದು ಕೇಳುತ್ತಿದ್ದರು. ಒಂದು ಸಿಂಹವನ್ನೂ ಕಾಣದವನು ಹೂಂ ಎನ್ನುತ್ತಿದ್ದ. ಕಂಡದ್ದನ್ನು ಮಾತ್ರ ಯಾರೂ ಕೇಳಲಿಲ್ಲ. ತಾನು ನಿಜವಾಗಿ ಅಲ್ಲಿಗೆ ಹೋಗಿದ್ದೆನೇ ಎಂದು ಈಚೆಗೆ ಅವನಿಗೆ ಹೆದರಿಕೆಯಾಗುತ್ತಿತ್ತು.

"ಎತ್ತರದ ಪ್ರಕಾರ ಕೂರಿಸ್ಲಾ ಸಾರ್?" ಎಂದರು ಟೀಚರು.

"ಹೇಗಾದ್ರೂ ಆಗುತ್ತೆ."

ಹೇಗಾದರೂ ಆಗುತ್ತದೆ ಎಂದವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನ ಬೆಳ್ಳಗಿನ ಮಗಳನ್ನು ಎಬ್ಬಿಸಿ ಹಿಂದೆ ಕಳಿಸಿದ. ಮತ್ತೊಬ್ಬನನ್ನು ಕಂಬದ ಮರೆಗೆ ಸರಿಸಿದ. ಕಪ್ಪಗಿದ್ದವರೆಲ್ಲ ಮುಂದೆ ಬಂದರು. ಜೀವನದಲ್ಲಿ ಮೊದಲ ಸಲ ಮುಂದಿನ ಸಾಲಿಗೆ ಬಂದವರ ಸಂಭ್ರಮ ನೋಡಲಾರದೆ ಅವನು ಕ್ಯಾಮರಾದ ಚರ್ಮದ ಚೀಲದಲ್ಲಿ ಏನನ್ನೋ ಹುಡುಕಿದ. ಟೀಚರು ಎಲ್ಲವನ್ನೂ ನೋಡಿದರು.

"ಲೈಟ್ ಬಿಡ್ಲಾ ಮಾರಾಯ?" ಬಾಗಿಲಲ್ಲಿ ನಜೀರ್ ನಿಂತಿದ್ದ. ಗೋಣಿಬೀಡಿನಲ್ಲಿ ಮೆಕ್ಯಾನಿಕ್ ಶಾಪು ಇಟ್ಟುಕೊಂಡವನು, ಮಿಡ್ಲ್ ಸ್ಕೂಲಿನಲ್ಲಿ ಕಾಶೀನಾಥನ ಬೆಂಚಿನವನು. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಎಂಜಿನ್ನಿನಿಂದ ಗಿಡಗಳ ಮೇಲೆ ಇಲ್ಲಿಯವರೆಗೆ ವಯರು ಎಳೆದು ತಂದಿದ್ದ. "ಈಗ ಬೆಲ್ಟು ಡೈನಮೋಕ್ಕೆ ಹಾಕಿದೀನಿ. ಹಣ್ಣು ಬಂತು ಅಂದ್ರೆ ಪಲ್ಪರಿಗೆ ಹಾಕ್ಬೇಕು. ಒಂದೇ ಎಂಜಿನ್ನು, ಒಂದೇ ಬೆಲ್ಟು. ರೈಟರು ಒಂದು ನಿಮಿಷ ಕಾಯೋದಿಲ್ಲ, ಈಗ್ಲೇ ಹೇಳಿದೀನಿ."

"ಬೇಗ ಮುಗಿಯುತ್ತೆ."

"ಮನೆಗೆ ಮಾರಿ ಊರಿಗೆ ಉಪಕಾರಿ ಅಂತಿದ್ರು ನಿನ್ನಂಥವರನ್ನ. ಈಗ ಊರು ಸಾಲದೆ ದೇಶಾಂತರಕ್ಕೂ ಹೊರಟಿದೀಯ." ನಜೀರ್ ನಕ್ಕ. ಬಾಗಿಲು ಮುಚ್ಚಿ ಸ್ವಿಚ್ಚು ಒತ್ತಿದ.

ಬಲ್ಬು ಹತ್ತಿತು. ಹತ್ತಿದ್ದೇ ತಡ, ಮಕ್ಕಳೆಲ್ಲ ಕಣ್ಣು ಮುಚ್ಚಿ ಕೈಮುಗಿದರು. ಟೀಚರೂ ಮುಗಿದರು. ಮುಸ್ಸಂಜೆಯಲ್ಲಿ ದೀಪ ಹಚ್ಚಿದಾಗ ಕೈಮುಗಿಯುವುದು ಇಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಕಾಶೀನಾಥನ ಎಡಗೈ ಕೂಡ ತಾನಾಗಿ ಎದೆಯ ತನಕ ಹೋಗಿ, ಬಲಗೈಯಲ್ಲಿ ಕ್ಯಾಮರಾ ಇದ್ದುದರಿಂದ ಜೊತೆ ಸಿಗದೆ ಹಿಂದೆ ಬಂತು.

"ಕೈ ಮುಗೀಬೇಡಿ. ಪುಸ್ತಕ ನೋಡ್ತಾ ಕೂತ್ಕೊಳ್ಳಿ. ಇದು ದೇವರ ದೀಪ ಅಲ್ಲ."

"ಮತ್ತೆ ಯಾರ ದೀಪ ಸಾರ್?" ಎಂದಳು ಮುದ್ದಮ್ಮ.

ಅವಳು ಕೇಳುತ್ತಿರುವಾಗಲೇ ಬಲ್ಬು ಕೆಂಪಗಾಗಿ ಆರುವಂತಾಯಿತು. ಡೈನಮೋ ಹಳೆಯದು, ಏದುಸಿರು ಬಿಡುತ್ತಿತ್ತು. ಮತ್ತೆ ಝಗ್ಗೆಂದು ಬೆಳಕು ಬಂದಾಗ ಮಕ್ಕಳು ಮತ್ತೆ ಕೈಮುಗಿದು ಕಣ್ಣು ಮುಚ್ಚಿದರು. ಒಂದೇ ಬಲ್ಬಿನ ಬೆಳಕು ಫಿಲಮ್ಮಿಗೆ ಸಾಲದು. ಷಟರು ತೆರೆದು ನಿಧಾನವಾಗಿ ಮೂರು ಎಣಿಸಬೇಕು. ಅವನು ಕ್ಯಾಮರಾವನ್ನು ಟೀಚರ ಮೇಜಿನ ಮೇಲಿಟ್ಟು ಎಣಿಸತೊಡಗಿದಾಗಲೆಲ್ಲ ಬಲ್ಬು ಕುಗ್ಗುವುದು, ಹಿಗ್ಗುವುದು, ಇಡೀ ಶಾಲೆ ಭಕ್ತಿಯಲ್ಲಿ ಮುಳುಗುವುದು. ನಜೀರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಸಾರ್," ಟೀಚರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಫೋಟೋ ನೋಡಿದ ಮೇಲೆ ಅವ್ರು ಎಷ್ಟು ದಿನಕ್ಕೆ ಹಾಕಿಸ್ತಾರೆ?"

"ಯಾರು?"

"ಆ ಸಂಸ್ಥೆಯವ್ರು. ನಮ್ಗೆ ಲೈಟು."

ಶಾಲೆಗಳಿಗೆ ಬೆಳಕು ಕೊಡುವ ಪರದೇಶದ ಸಂಸ್ಥೆಗೆ ಮಕ್ಕಳ ಫೋಟೋ ಬೇಕು. ಅವನು ರೈಟರಿಗೆ ಹೇಳಿದ್ದು ಇಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ನೋಡೋಣ," ಎಂದ.

"ಲೈನಿನವ್ರಿಗೆಲ್ಲ ಹೇಳ್ಬಿಟ್ಟಿದೀನಿ. ಅದಕ್ಕೇ ಇವತ್ತು ಒಬ್ರೂ ತಪ್ಪಿಸ್ದೆ ಮಕ್ಕಳನ್ನ ಕಳಿಸಿದಾರೆ. ಹಣೆ ಒರೆಸ್ಕೊಂಡಿದ್ದೂ ಅದಕ್ಕೇ."

ಈಗ ಹೇಳಿಬಿಡಬೇಕು ಎಂದುಕೊಂಡ. ಈ ಚಿತ್ರದ ಕೆಳಗೆ ಬೇರೆ ದೇಶದ, ಬೇರೆ ಹಳ್ಳಿಯ ಹೆಸರು ಬರುತ್ತದೆ, ನಿಮಗೆ ಏನೂ ಬರುವುದಿಲ್ಲ. ಹೇಳಲು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ದೂರದಲ್ಲಿ ಮೇಸ್ತ್ರಿಯ ಕೂಗು ಕೇಳಿಸಿತು. ಹಣ್ಣು ಹೊತ್ತ ಹೆಂಗಸರು ಗುಡ್ಡ ಇಳಿಯುತ್ತಿದ್ದರು.

"ಬಂತು," ಎಂದ ನಜೀರ್, ನಗು ನಿಲ್ಲಿಸಿ.

ಕಾಶೀನಾಥನಿಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. "ಕೈ ಕೆಳಗಿಡ್ರೋ! ಮಂಡಿ ಮೇಲೆ ಇಡಿ. ನಾನು ಹೇಳೋ ತನಕ ಯಾರೂ ಕಣ್ಣು ಮುಚ್ಚಬಾರದು. ಮುಚ್ಚಿದ್ರೆ ನೋಡಿ ಮತ್ತೆ! ಎಲ್ರೂ ಲೈಟೇ ನೋಡಿ!"

ದನಿ ಅವನದಾಗಿರಲಿಲ್ಲ. ಮಕ್ಕಳು ಬೆಚ್ಚಿದರು. ಕೈಗಳು ಮಂಡಿಗೆ ಇಳಿದವು, ಕಣ್ಣುಗಳು ಬರಿಯ ಬಲ್ಬಿಗೆ ಅಂಟಿಕೊಂಡವು. ಬೆಳಕು ಕುಗ್ಗಿತು, ಹಿಗ್ಗಿತು, ಒಬ್ಬರೂ ಅಲುಗಲಿಲ್ಲ. ಬೆಳಕಿನ ಪ್ರಖರತೆಗೆ ಮುದ್ದಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಯೆತ್ತಲಿಲ್ಲ.

ಅವನು ಬಗ್ಗಿ ಕ್ಯಾಮರಾದ ಕಿಂಡಿಯಲ್ಲಿ ಇಣುಕಿದ. ಮುಖಗಳಿದ್ದವು. ತಿಂಗಳುಗಟ್ಟಲೆ ಹುಡುಕಿದ್ದ ಮುಖಗಳು ಇವೇ. ಅದೇ ನೆರಳು, ಅದೇ ತೆರೆದ ಕಣ್ಣು, ಅದೇ ಕಲ್ಲಿನಂಥ ಮೌನ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಮರುಕ್ಷಣವೇ ಕಿಂಡಿಯಿಂದ ಕಣ್ಣು ತೆಗೆದ. ಹಾಗಾದರೆ ಅಲ್ಲಿಯೂ ಹೀಗೇ ಇತ್ತೇ? ಅಲ್ಲಿಯೂ ತಾನು ಕೂರಿಸಿ, ಎಬ್ಬಿಸಿ, ಒರೆಸಿಸಿ, ಗದರಿಸಿದ್ದೆನೇ? ಆ ಮಕ್ಕಳು ದೀಪ ಹತ್ತಿದಾಗ ಮೊದಲು ಏನು ಮಾಡಿದ್ದರು? ಏನೋ ಮಾಡಿದ್ದರು. ತಾನು ಬೇಡವೆಂದದ್ದು ಮಾತ್ರ ಮಂಕಾಗಿ ನೆನಪಾಯಿತು, ಏನನ್ನು ಬೇಡವೆಂದೆನೋ ನೆನಪಾಗಲಿಲ್ಲ.

ಷಟರು ಒತ್ತಿ ಹಿಡಿದ. ಒಂದು, ಎಂದ.

ಎರಡು ಎನ್ನುವ ಮೊದಲೇ ಬೆಳಕು ಹೋಯಿತು.

ಪಲ್ಪರ್ ಮನೆಯಲ್ಲಿ ಯಾರೋ ಬೆಲ್ಟು ಬದಲಿಸಿದ್ದರು. ಹಣ್ಣು ಅರೆಯುವ ಗರಗರ ಸದ್ದು ನೆಲದೊಳಗಿಂದ ಬಂತು. "ಒಂದು ನಿಮಿಷ ಕೇಳ್ಕೊಂಡು ಬರ್ತೀನಿ, ಹಾಗೇ ಇರಿ," ಎಂದು ನಜೀರ್ ಹೊರಗೆ ಓಡಿದ. ಅವನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗೋಣಿಚೀಲಗಳನ್ನು ಕಾಶೀನಾಥನೇ ಬಿಗಿದದ್ದು. ಒಂದು ಎಳೆ ಬೆಳಕೂ ಒಳಗೆ ಬರುವಂತಿರಲಿಲ್ಲ. ಟೀಚರು ಎಲ್ಲಿ ನಿಂತಿದ್ದಾರೆಂದು ಗೊತ್ತಾಗಲಿಲ್ಲ.

ಮಕ್ಕಳ ಉಸಿರು ಮಾತ್ರ ಕೇಳುತ್ತಿತ್ತು. ಯಾರೂ ಮಿಸುಕಲಿಲ್ಲ, ಕೆಮ್ಮಲಿಲ್ಲ. ಎಷ್ಟು ಹೊತ್ತಾಯಿತೋ. ಆಮೇಲೆ ಮುಂದಿನ ಸಾಲಿನಿಂದ ಸಣ್ಣ ದನಿಯೊಂದು ಬಂತು.

"ಸಾರ್, ಇನ್ನು ಕಣ್ಣು ಮುಚ್ಚಬೌದಾ?"

ತನ್ನನ್ನೇ ಕೇಳಿದ್ದೆಂದು ಅವನಿಗೆ ತಿಳಿಯಲು ತಡವಾಯಿತು. ಅವನ ಬೆರಳು ಷಟರಿನ ಮೇಲೆ ಒತ್ತಿದಂತೆಯೇ ಇತ್ತು. ಕ್ಯಾಮರಾ ಇನ್ನೂ ತೆರೆದಿತ್ತು. ಅದರೆದುರು, ಆ ಕತ್ತಲೆಯಲ್ಲಿ, ಮಕ್ಕಳೆಲ್ಲ ಕಣ್ಣು ಬಿಟ್ಟುಕೊಂಡು ಕೂತಿದ್ದರು.